ಕಾಲಿನ ಕಾಲಿನ ಕಾಲಿನ ಕಾಲು

ನಾನು ಜಮೀನುದಾರನಾಗಿದ್ದು ಒಂದು ರಂಗೋಲಿಯಿಂದ.

2023ರ ಜುಲೈ. ನಾವಿರೋದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಆ ಸಲ ಫೀನಿಕ್ಸ್‌ನಲ್ಲಿ ಸತತ 31 ದಿನ ಹಗಲಿನ ಬಿಸಿಲು 43 ಡಿಗ್ರಿಗಿಂತ ಕೆಳಗಿಳಿಯಲೇ ಇಲ್ಲ. ತಣ್ಣೀರಿನ ನಲ್ಲಿ ತಿರುಗಿಸಿದರೆ ಕಾಫಿಗೆ ಇಡಬಹುದಾದ ನೀರು ಬರುತ್ತಿತ್ತು. ಎಸಿ ಬಿಲ್ ನೋಡಿ ಮೈ ಬೆವರುತ್ತಿತ್ತು. ಅಂಥ ದಿನಗಳಲ್ಲಿ ನಮ್ಮ ಬಡಾವಣೆಯ ಸಂಘದಿಂದ ಒಂದು ಪತ್ರ ಬಂತು. "ನಿಮ್ಮ ಮನೆ ಮುಂದಿನ ಕಾಂಕ್ರೀಟ್ ಮೇಲೆ ಬಣ್ಣದ ಕಲೆಗಳು ಕಂಡುಬಂದಿವೆ. 14 ದಿನದೊಳಗೆ ತೆಗೆಯಿರಿ."

ಅದು ಕಲೆಯಲ್ಲ. ಭೀಮನ ಅಮಾವಾಸ್ಯೆಗೆ ನನ್ನ ಹೆಂಡತಿ ಹಾಕಿದ್ದ ರಂಗೋಲಿ. ಗಂಡನ ಪಾದಪೂಜೆ ಮಾಡಿ, ಗಂಡನ ಆಯುಸ್ಸಿಗಾಗಿ ಹಾಕಿದ್ದು. ಅದನ್ನು ಗಂಡನೇ ಪೈಪ್ ಹಿಡಿದು ತೊಳೆಯಬೇಕಾಯಿತು. ತೊಳೆಯುತ್ತಾ ತೊಳೆಯುತ್ತಾ ನಿರ್ಧಾರ ಮಾಡಿದೆ. ಸಂಘ ಇಲ್ಲದ, ಬಿಲ್ ಇಲ್ಲದ, ಪಕ್ಕದ ಮನೆ ಇಲ್ಲದ ಒಂದು ಜಾಗ ಬೇಕು. ಸೋಲಾರ್ ಹಾಕಿಕೊಂಡು, ನಾಲ್ಕು ಬದನೆ ಗಿಡ ಬೆಳೆಸಿಕೊಂಡು, ಇಡೀ ನೆಲದ ತುಂಬ ರಂಗೋಲಿ ಹಾಕಿಸಿಕೊಂಡು ಇರಬೇಕು.

ಊರಲ್ಲಿ ಕೊಳ್ಳೋಣ ಅಂದರೆ ನನ್ನ ಕೈಲಿರೋದು ಓಸಿಐ ಕಾರ್ಡು, ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಕೊಡೋದು. ಅದನ್ನು ಇಟ್ಟುಕೊಂಡು ಇಂಡಿಯಾದಲ್ಲಿ ಫ್ಲ್ಯಾಟ್ ಕೊಳ್ಳಬಹುದು, ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಹಾಗಾಗಿ ರಾತ್ರಿ ಹನ್ನೆರಡು ಗಂಟೆಗೆ ಸೋಫಾ ಮೇಲೆ ಒರಗಿಕೊಂಡು ಅರಿಜೋನಾದ ಅಪಾಚೆ ಕೌಂಟಿಯಲ್ಲಿ ಎರಡೂವರೆ ಎಕರೆ ಕೊಂಡೆ. 2,800 ಡಾಲರ್. ಅಂದರೆ ನೂರು ಗುಂಟೆ! ಜಾಹೀರಾತಿನ ಫೋಟೋದಲ್ಲಿ ಕೆಂಪು ಬೆಟ್ಟ ಇತ್ತು, ಮುಳುಗುವ ಸೂರ್ಯ ಇದ್ದ, ಒಂದು ಕುದುರೆಯೂ ಇತ್ತು. ಕುದುರೆ ಸೇರಿಲ್ಲ ಅನ್ನೋದು ಗೊತ್ತಿತ್ತು. ಬೆಟ್ಟವೂ ಸೇರಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು.

ಬೆಳಿಗ್ಗೆ ಚಳ್ಳಕೆರೆಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಅಪ್ಪ ನಿವೃತ್ತ ಗ್ರಾಮ ಲೆಕ್ಕಿಗರು. ಅವರಿಗೆ ಜಗತ್ತು ಅಂದರೆ ಒಂದು ದೊಡ್ಡ ಪಹಣಿ. ಒಂಬತ್ತನೇ ಕಾಲಂನಲ್ಲಿ ಮಾಲೀಕ, ಹನ್ನೆರಡನೇ ಕಾಲಂನಲ್ಲಿ ಸಾಗುವಳಿದಾರ. ಮಿಕ್ಕಿದ್ದೆಲ್ಲ ಮಾಯೆ.

"ಕರೆಂಟು?" ಅಂದರು.

"ಇಲ್ಲ. ಅದೇ ಅದರ ವಿಶೇಷ."

"ನೀರು?"

"ನಾವೇ ತಗೊಂಡು ಹೋಗಬೇಕು."

"ದಾರಿ?"

"ಮ್ಯಾಪಲ್ಲಿ ಇದೆ."

"ನಕಾಶೆ ಕಂಡ ದಾರಿ," ಅಂತ ಅಪ್ಪ ನಿಟ್ಟುಸಿರು ಬಿಟ್ಟರು. "ಆ ದಾರಿ ನಕಾಶೆಗೆ ಮಾತ್ರ ಕಾಣೋದಪ್ಪ. ನಿಮ್ಮಜ್ಜಿ ಭಾಗ್ಯಜ್ಯೋತಿಯ ಒಂದು ಬಲ್ಬಿಗೆ ಎಷ್ಟು ಅರ್ಜಿ ಕೊಟ್ಟಿದ್ದಳು ಗೊತ್ತಾ? ಸರಿ, ಪತ್ರ ಕಳಿಸು."

ಪತ್ರ ಕಳಿಸಿದೆ. ಅದು ಕ್ವಿಟ್‌ಕ್ಲೇಮ್ ಡೀಡ್. ಅದರ ಅರ್ಥ ಇಷ್ಟೇ: ಈ ಜಾಗದಲ್ಲಿ ನನಗೇನಾದರೂ ಹಕ್ಕು ಇದ್ದರೆ ಅದು ಇನ್ನು ನಿನ್ನದು. ಇದೆ ಅಂತ ಮಾರುವವನು ಎಲ್ಲೂ ಹೇಳೋದಿಲ್ಲ. ಅಪ್ಪ ಓದಿ, "ಇದು ನಮ್ಮ ಹಕ್ಕು ಬಿಡುಗಡೆ ಪತ್ರ ಕಣೋ. ಅಣ್ಣ ತಮ್ಮಂದಿರು ಮಾಡ್ಕೊಳ್ಳೋದು. ಅವನು ನಿನಗೇನಾಗಬೇಕು?" ಅಂದರು.

ಆದರೆ ಜಮೀನಿನ ವಿವರ ಓದಿದ ಮೇಲೆ ಅವರ ದನಿಯೇ ಬದಲಾಯಿತು. ಇಲ್ಲಿ ನೆಲವನ್ನು ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ ಚೌಕಗಳಾಗಿ ಕತ್ತರಿಸಿದ್ದಾರೆ. ಒಂದು ಚೌಕಕ್ಕೆ ಸೆಕ್ಷನ್ ಅಂತಾರೆ. 640 ಎಕರೆ. ಅದರ ಕಾಲುಭಾಗ 160. ಅದರ ಕಾಲು 40. ಅದರ ಕಾಲು 10. ಅದರ ಕಾಲು ನನ್ನ ಎರಡೂವರೆ. ಪತ್ರದಲ್ಲಿ ಹಾಗೇ ಬರೆದಿರುತ್ತಾರೆ: ನೈರುತ್ಯದ ಕಾಲುಭಾಗದಲ್ಲಿ, ಈಶಾನ್ಯದ ಕಾಲುಭಾಗದಲ್ಲಿ, ವಾಯವ್ಯದ ಕಾಲುಭಾಗದಲ್ಲಿ, ಆಗ್ನೇಯದ ಕಾಲುಭಾಗ. ಅಪ್ಪನಿಗೆ ಭಾರಿ ಖುಷಿಯಾಯಿತು. "ವಾಸ್ತು ಗೊತ್ತಿರೋ ಜನ," ಅಂದರು. "ಆಗ್ನೇಯ ಅಂದ್ರೆ ಅಗ್ನಿಮೂಲೆ. ಅಡುಗೆಮನೆಗೆ ಒಳ್ಳೇದು. ಇರಲಿ, ಬಾಂದು ಕಲ್ಲು ನೋಡ್ಕೊಂಡು ಬಾ."

ಬಾಂದು ಕಲ್ಲು! ನಾನು ಜಾಗವನ್ನೇ ನೋಡಿರಲಿಲ್ಲ. ಅರಿಜೋನಾದಲ್ಲಿ ಮರಳುಗಾಡು ಮಾರುವುದಕ್ಕೆ ಹಳೇ ಇತಿಹಾಸವಿದೆ. ರಾಬರ್ಟ್ ಮೆಕಲಕ್ ಅಂತ ಒಬ್ಬ ಉದ್ಯಮಿ ಇದ್ದ. ಮರ ಕೊಯ್ಯುವ ಮೆಷಿನ್ ಮಾಡಿ ದುಡ್ಡು ಮಾಡಿದವನು. ಲೇಕ್ ಹವಾಸು ಅನ್ನೋ ಜಾಗದಲ್ಲಿ ಊರು ಕಟ್ಟಲು ಹೊರಟ. ಜನ ಬರಲಿ ಅಂತ 1968ರಲ್ಲಿ ಲಂಡನ್ ಬ್ರಿಜ್ಜನ್ನೇ 24,60,000 ಡಾಲರಿಗೆ ಕೊಂಡು, ಕಲ್ಲು ಕಲ್ಲು ಬಿಚ್ಚಿ ತಂದು ಇಲ್ಲಿ ಜೋಡಿಸಿದ. ಸೈಟ್ ನೋಡಲು ಬರುವವರಿಗೆ ವಿಮಾನವೂ ಫ್ರೀ. ಅಂಥ ಭೂಪನೂ ಗಿರಾಕಿಗೆ ಜಾಗ ತೋರಿಸಿಯೇ ಮಾರುತ್ತಿದ್ದ. ನಾನು ಸೋಫಾ ಬಿಟ್ಟು ಎದ್ದಿರಲಿಲ್ಲ.

ಆಗಸ್ಟ್ ಕೊನೆಯ ಒಂದು ಶನಿವಾರ ಬೆಳಗಿನ ಜಾವ ಹೊರಟೆವು. ಕಾರಿನಲ್ಲಿ ಟೆಂಟು, ಸೋಲಾರ್ ಪ್ಯಾನೆಲ್ಲು, ಪುಳಿಯೋಗರೆ, ಎರಡು ತೆಂಗಿನಕಾಯಿ. ಜೊತೆಗೆ ಐದೈದು ಗ್ಯಾಲನ್‌ನ ಆರು ನೀರಿನ ಕ್ಯಾನು. ಒಂದು ಕ್ಯಾನು 19 ಕೆಜಿ ತೂಗುತ್ತದೆ. ಆರನ್ನೂ ಎತ್ತಿ ಇಡುವಷ್ಟರಲ್ಲಿ ಸ್ವಾವಲಂಬನೆಯ ಬಗ್ಗೆ ನನಗಿದ್ದ ಗೌರವ ಅರ್ಧ ಕರಗಿತ್ತು. ಅಪ್ಪ ಮುಹೂರ್ತ ನೋಡಿ ಹೇಳಿದ್ದರು: "ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಅದು ಕಳೆದ ಮೇಲೆ ಭೂಮಿಪೂಜೆ."

ಹಾಲ್‌ಬ್ರೂಕ್ ದಾಟಿ ಐ-40 ಹೆದ್ದಾರಿಯಿಂದ ಮಣ್ಣಿನ ದಾರಿಗೆ ಇಳಿದೆವು. ಸುತ್ತ ಕಣ್ಣು ಹರಿಯುವಷ್ಟು ದೂರ ಕುರುಚಲು, ಅಲ್ಲೊಂದು ಇಲ್ಲೊಂದು ಜೂನಿಪರ್ ಮರ. ಇಲ್ಲಿ ಬೀಳೋ ಮಳೆ ನಮ್ಮ ಚಳ್ಳಕೆರೆಯ ಮಳೆಯ ಸುಮಾರು ಅರ್ಧ ಅಷ್ಟೇ. ಚಳ್ಳಕೆರೆಯಿಂದ ಬಂದವನಿಗೆ ಅದಕ್ಕಿಂತ ಒಣಗಿದ ಜಾಗ ಸಿಕ್ಕಿತಲ್ಲ, ಅದೂ ಒಂದು ಸಾಧನೆ. ಫೋನಿನ ಮ್ಯಾಪು "ನೀವು ತಲುಪಿದ್ದೀರಿ" ಅಂತು. ಇಳಿದು ಫೋನ್ ನೋಡಿದೆ. 10:40. ರಾಹುಕಾಲ ಕಳೆದಿದೆ. ಸರಿಯಾದ ಸಮಯ!

ಪೂಜೆ ಅಂದ ಮೇಲೆ ಚಪ್ಪಲಿ ಬಿಡಬೇಕಲ್ಲ. ಬಿಟ್ಟು ಎರಡು ಹೆಜ್ಜೆ ಇಟ್ಟೆ. ಮೂರನೆಯದು ಇಡಲಾಗಲಿಲ್ಲ. ಎರಡೂ ಕಾಲಿನ ಅಡಿಯಲ್ಲಿ ಮುಳ್ಳು. ಕಿತ್ತು ನೋಡಿದರೆ ಪರಿಚಯದ ಮುಖ: ನೆಗ್ಗಿಲು ಮುಳ್ಳು. ಚಿಕ್ಕಂದಿನಲ್ಲಿ ನನ್ನ ಸೈಕಲ್ ಟ್ಯೂಬಿಗೆ ತೂತು ಹಾಕುತ್ತಿದ್ದ ಅದೇ ನೆಗ್ಗಿಲು. ಇಲ್ಲಿ ಗೋಟ್‌ಹೆಡ್ ಅಂತಾರೆ. ಇದು ಅಮೆರಿಕದ ಗಿಡವೇ ಅಲ್ಲ, ನಮ್ಮ ಕಡೆಯ ಖಂಡಗಳಿಂದ ಬಂದದ್ದು. ವೀಸಾ ಗೀಸಾ ಏನೂ ಇಲ್ಲದೆ ನನಗಿಂತ ಎಷ್ಟೋ ಮೊದಲೇ ಬಂದು ಸೆಟ್ಲ್ ಆಗಿಬಿಟ್ಟಿದೆ. ಊರವರು ಸಿಕ್ಕ ಸಂತೋಷದಲ್ಲಿ ಕಾಲಿಗೇ ಬಿದ್ದಿತ್ತು.

ಕುಂಟುತ್ತಲೇ ಕಾಯಿ ಒಡೆದೆ. ಹೆಂಡತಿ ನೆಲ ಸಾರಿಸಿ ರಂಗೋಲಿ ಹಾಕಿದಳು. ಗಾಳಿ ಅದನ್ನು ಒಂದು ನಿಮಿಷದಲ್ಲಿ ತೆಗೆದುಬಿಟ್ಟಿತು. ಸಂಘದವರು ಹದಿನಾಲ್ಕು ದಿನ ಕೊಟ್ಟಿದ್ದರು.

ಆಗ ಅವಳಿಗೊಂದು ಕಲ್ಲು ಸಿಕ್ಕಿತು. ಕೆಂಪು, ಹಳದಿ, ನಡುವೆ ಮರದ ಗೆರೆಗಳು. ಹತ್ತಿರದಲ್ಲೇ ಪೆಟ್ರಿಫೈಡ್ ಫಾರೆಸ್ಟ್ ಅನ್ನೋ ರಾಷ್ಟ್ರೀಯ ಉದ್ಯಾನ ಇದೆ. ಅಲ್ಲಿ 20 ಕೋಟಿ ವರ್ಷಕ್ಕೂ ಹಿಂದಿನ ಮರಗಳು ಕಲ್ಲಾಗಿ ಬಿದ್ದಿವೆ. ಉದ್ಯಾನದಿಂದ ಒಂದು ಚೂರು ಎತ್ತಿಕೊಂಡರೂ ಅಪರಾಧ. ಆದರೆ ಇದು ನಮ್ಮ ಸ್ವಂತ ಜಮೀನಿನ ಕಲ್ಲು, ಅಲ್ವಾ? ದೇವರ ಮನೆಯಲ್ಲಿ ಇಡೋಣ ಅಂತ ಸೆರಗಿನಲ್ಲಿ ಕಟ್ಟಿಕೊಂಡಳು.

ಮಧ್ಯಾಹ್ನ ಮಳೆ ಬಂತು. ಇಪ್ಪತ್ತೇ ನಿಮಿಷ. ಆದರೆ ಆ ಮಣ್ಣು ನಮ್ಮ ಎರೆಮಣ್ಣಿನ ದಾಯಾದಿ. ಒಣಗಿದಾಗ ಸಿಮೆಂಟು, ನೆನೆದಾಗ ಬೆಣ್ಣೆ. ಎರೆ ಹೊಲದಲ್ಲಿ ಹುಟ್ಟಿ ಬೆಳೆದ ನಾನು, ಮಳೆ ನಿಂತ ತಕ್ಷಣ ಕಾರು ಸ್ಟಾರ್ಟ್ ಮಾಡಿದೆ. ಎತ್ತಿನ ಗಾಡಿ ಹೊಡೆಯುವ ಹುಡುಗನೂ ಮಾಡದ ಕೆಲಸ. ಚಕ್ರಗಳು ನಾಲ್ಕು ಸುತ್ತು ತಿರುಗಿ, ಹೊಟ್ಟೆಯವರೆಗೆ ಹೂತು, ಸುಮ್ಮನಾದವು.

ಎರಡು ಗಂಟೆ ಕಾದ ಮೇಲೆ ಹಳೇ ಟ್ರಕ್ಕಿನಲ್ಲಿ ಒಬ್ಬ ಅಜ್ಜ ಬಂದ. ಟೋಪಿ ಎತ್ತಿ ನಮಸ್ಕಾರ ಮಾಡಿದ. ಒಡೆದ ತೆಂಗಿನಕಾಯಿ ನೋಡಿದ, ಕುಂಕುಮ ನೋಡಿದ, ಏನೂ ಕೇಳಲಿಲ್ಲ. ಸರಪಳಿ ಕಟ್ಟುತ್ತಾ, "ಇಲ್ಲಿ ಇಳಿಯೋಕೆ ಪರ್ಮಿಟ್ ಇದೆಯಾ?" ಅಂದ.

"ಇದು ನಮ್ಮದೇ ಜಾಗ," ಅಂದೆ, ಹೆಮ್ಮೆಯಿಂದ.

ಅಜ್ಜ ನಕ್ಕ. ಆಮೇಲೆ ತಾಳ್ಮೆಯಿಂದ ಬಿಡಿಸಿ ಹೇಳಿದ. 1866ರಲ್ಲಿ ಸರ್ಕಾರ ರೈಲು ಕಂಪನಿಗೆ ಹಳಿ ಹಾಕೋಕೆ ಅಂತ ಈ ಕಡೆ ನೆಲ ಕೊಟ್ಟಿತು. ಒಂದು ಸೆಕ್ಷನ್ ಬಿಟ್ಟು ಒಂದು ಸೆಕ್ಷನ್, ಥೇಟ್ ಚೆಸ್ ಬೋರ್ಡಿನ ಹಾಗೆ. ಹಾಗಾಗಿ ಈಗಲೂ ಒಂದು ಚೌಕ ಖಾಸಗಿಯವರದ್ದಾದರೆ ಪಕ್ಕದ್ದು ರಾಜ್ಯ ಸರ್ಕಾರದ್ದು ಇರುತ್ತದೆ. ನಾವು ನಿಂತಿದ್ದು ಸರ್ಕಾರದ ಚೌಕ. ನಮ್ಮದು ಮುಂದಿನ ಚೌಕದಲ್ಲಿ, ಹಳ್ಳದ ಆಚೆ. ದಾರಿ? ಹಳ್ಳವೇ ದಾರಿ. ನೀರಿಲ್ಲದಾಗ.

ಹೊರಡುವಾಗ ಹೆಂಡತಿ ಕಾರಿನ ಗಡಿಯಾರ ತೋರಿಸಿ, "ಇದು ಯಾಕೆ ಒಂದು ಗಂಟೆ ಹಿಂದಿದೆ?" ಅಂದಳು. ಹಿಂದಿರಲಿಲ್ಲ. ಫೋನೇ ಮುಂದಿತ್ತು. ಅರಿಜೋನಾದಲ್ಲಿ ಬೇಸಿಗೆಗೆ ಗಡಿಯಾರ ಮುಂದಿಡೋ ಪದ್ಧತಿ ಇಲ್ಲ. ಆದರೆ ಪಕ್ಕದ ನವಾಹೋ ನಾಡಿನವರು, ಅಂದರೆ ಇಲ್ಲಿನ ಮೂಲನಿವಾಸಿ ಬುಡಕಟ್ಟಿನವರು, ಇಡುತ್ತಾರೆ. ನನ್ನ ಫೋನು ಅವರ ಟವರ್ ಹಿಡಿದುಕೊಂಡಿತ್ತು. ಅಂದರೆ ನಾವು ಭೂಮಿಪೂಜೆ ಮಾಡಿದ್ದು 9:40ಕ್ಕೆ. ಸರ್ಕಾರಿ ಜಮೀನಿನಲ್ಲಿ. ನಟ್ಟನಡು ರಾಹುಕಾಲದಲ್ಲಿ.

ಇದನ್ನು ಅಪ್ಪನಿಗೆ ಹೇಳಲಿಲ್ಲ. ಈಗಲೂ ಹೇಳಿಲ್ಲ.

ಮನೆಗೆ ಬಂದ ಮೇಲೆ ಸಮಸ್ಯೆ ಶುರುವಾಗಿದ್ದು ಕಲ್ಲಿನಿಂದ. ಪೆಟ್ರಿಫೈಡ್ ಫಾರೆಸ್ಟಿನಿಂದ ಕಲ್ಲು ಕದ್ದವರು ಆಮೇಲೆ ಏನೇನೋ ಕಷ್ಟ ಬಂತು ಅಂತ ಹೆದರಿ, ಕ್ಷಮಾಪಣೆ ಪತ್ರದ ಜೊತೆ ಕಲ್ಲನ್ನು ಪೋಸ್ಟ್‌ನಲ್ಲಿ ವಾಪಸ್ ಕಳಿಸುತ್ತಾರಂತೆ. ಹಾಗೆ ಬಂದ ಕಲ್ಲುಗಳದ್ದೇ ಅಲ್ಲೊಂದು ಗುಡ್ಡೆ ಇದೆ. ಹೆಂಡತಿ ಅದನ್ನು ಓದಿದ ವಾರವೇ ಮಿಕ್ಸಿ ಸುಟ್ಟುಹೋಯಿತು. ಮರುವಾರ ಕಾರಿನ ಎರಡು ಟಯರ್ ಪಂಕ್ಚರ್. ಅದು ನೆಗ್ಗಿಲು ಮುಳ್ಳಿನ ಕೆಲಸ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ನಮ್ಮ ಕಲ್ಲು ಉದ್ಯಾನದ್ದಲ್ಲ, ಪೋಸ್ಟ್ ಮಾಡೋಣ ಅಂದರೆ ವಿಳಾಸ ಯಾವುದು? "ಎತ್ತಿದ ಜಾಗದಲ್ಲೇ ಇಟ್ಟು ಬರಬೇಕು," ಅಂದಳು. ಈ ಸಲ ಮೊದಲೇ ಪರ್ಮಿಟ್ ತೆಗೆಸಿದೆ.

ಅಕ್ಟೋಬರಿನಲ್ಲಿ ಮತ್ತೆ ಹೋದೆವು. ಕಲ್ಲಿಟ್ಟು, ಕೈ ಮುಗಿದು, ಅಜ್ಜ ತೋರಿಸಿದ ದಿಕ್ಕಿಗೆ ನಡೆದೆವು. ಹಳ್ಳ ಒಣಗಿತ್ತು. ಆದರೂ ದಡ ನನ್ನ ಎದೆಮಟ್ಟ. ಕಾರು ದಾಟುವ ಮಾತೇ ಇಲ್ಲ. ಇಳಿದು ಹತ್ತಿದರೆ ಕೊನೆಗೂ ನಮ್ಮ ಜಾಗ. ಒಂದೊಂದು ಬದಿಗೆ 330 ಅಡಿ. ಬಾಂದು ಕಲ್ಲು ಇರಲಿಲ್ಲ. ಸರ್ವೇ ಮಾಡಿಸೋಕೆ ಕೇಳಿದ್ದ ರೇಟು ಜಮೀನಿಗಿಂತ ಜಾಸ್ತಿ. ಒಂದೇ ಒಂದು ಜೂನಿಪರ್ ಮರ ಇತ್ತು. ಅದರ ನೆರಳಲ್ಲಿ ನಾಲ್ಕು ಹಸುಗಳು ಮಲಗಿ ಮೆಲುಕು ಹಾಕುತ್ತಿದ್ದವು. ನಮ್ಮನ್ನು ನೋಡಿದವು. ಬಾಡಿಗೆ ಕೇಳೋಕೆ ಬಂದವರನ್ನು ನೋಡುವ ಹಾಗೆ.

ಓಡಿಸೋಣ ಅಂದುಕೊಂಡೆ. ಆದರೆ ಅರಿಜೋನಾ ಓಪನ್ ರೇಂಜ್ ರಾಜ್ಯ. ನಮ್ಮೂರಲ್ಲಿ ಹೊಲಕ್ಕೆ ದನ ನುಗ್ಗಿದರೆ ದೊಡ್ಡಿಗೆ ಹೊಡೆಯುತ್ತಾರೆ, ದನದ ಯಜಮಾನ ದಂಡ ಕಟ್ಟಬೇಕು. ಇಂಥ ಕಡೆ ದನ ಬರೋದು ಬೇಡ ಅಂದರೆ ಜಮೀನಿನವನೇ ಬೇಲಿ ಹಾಕಿಕೊಳ್ಳಬೇಕು. ಸುತ್ತ 1,320 ಅಡಿ ಬೇಲಿ. ಅದೂ ಜಮೀನಿಗಿಂತ ಜಾಸ್ತಿ.

ಅಲ್ಲಿ, ಆ ಮರದ ಹತ್ತಿರ ಮಾತ್ರ, ಫೋನಿಗೆ ಎರಡು ಗೆರೆ ಸಿಗ್ನಲ್ ಇತ್ತು. ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಮಧ್ಯರಾತ್ರಿ. ಆದರೂ ಎದ್ದು ಕನ್ನಡಕ ಹಾಕಿಕೊಂಡು, ನಾನು ಫೋನ್ ತಿರುಗಿಸಿದಂತೆಲ್ಲ ನಾಲ್ಕೂ ದಿಕ್ಕಿನ ಚಕ್ಕುಬಂದಿ ನೋಡಿದರು. ಹಸುಗಳ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸು ಅಂದರು. ಒಂದೊಂದನ್ನೂ ಎಣಿಸಿದರು.

"ಒಂಬತ್ತನೇ ಕಾಲಂನಲ್ಲಿ ನಿನ್ನ ಹೆಸರಿದೆ, ಸರಿ," ಅಂದರು. "ಹನ್ನೆರಡನೇ ಕಾಲಂನಲ್ಲಿ ಇವು ಎಷ್ಟು ವರ್ಷದಿಂದ ಇದ್ದಾವಂತೆ, ವಿಚಾರಿಸು."