ಸಿಸ್ಟರ್ ಯಾಕೆ ಬಿಟ್ಟು ಹೋದ್ರು?

ನರ್ಸ್‌ಗಳು ಯಾಕೆ ಕೆಲಸದಲ್ಲಿ ನಿಲ್ಲುತ್ತಿಲ್ಲ ಎಂದು ಕಂಡುಹಿಡಿಯಲು ನಮ್ಮೂರಿನ ಖಾಸಗಿ ಆಸ್ಪತ್ರೆಯೊಂದು ತಜ್ಞರನ್ನು ಕರೆಸಿತು. ಅವರ ಒಂದು ದಿನದ ಫೀಸು ಅಲ್ಲಿ ಸಿಸ್ಟರ್ ಆಗಿರುವ ನನ್ನ ನಾದಿನಿಯ ಮೂರು ತಿಂಗಳ ಸಂಬಳ. ಉತ್ತರ ಆ ಬಿಲ್ಲಿನಲ್ಲೇ ಇತ್ತು. ಆದರೂ ಕಾರ್ಯಾಗಾರ ನಡೆಯಿತು.

ಬೆಳಿಗ್ಗೆ ಎಂಟೂವರೆಗೆ ಶುರು. ನೈಟ್ ಡ್ಯೂಟಿ ಮುಗಿಸಿದವರು ಕಡ್ಡಾಯವಾಗಿ ಹಾಜರಿರಬೇಕು. ಡೇ ಡ್ಯೂಟಿಯವರನ್ನು ಕೂರಿಸಿದರೆ ವಾರ್ಡ್ ನೋಡೋರು ಯಾರು, ಅಲ್ವಾ? ‘ಕಣ್ಣು ಮುಚ್ಚಿ, ಈ ವೃತ್ತಿಗೆ ಯಾಕೆ ಬಂದಿರಿ ಎಂದು ನೆನಪಿಸಿಕೊಳ್ಳಿ’ ಎಂದರು ತಜ್ಞರು. ಎಲ್ಲರೂ ಮುಚ್ಚಿದರು. ಮುಂದಿನ ಸಾಲಿನಿಂದ ಗೊರಕೆ ಕೇಳಿಸಿತು. ವರದಿಯಲ್ಲಿ ಅದು ‘ಆಳವಾದ ಆತ್ಮಾವಲೋಕನ’ ಎಂದು ದಾಖಲಾಗಿದೆ.

ಆಮೇಲೆ ಫಾರಂ. ‘ನಿಮ್ಮ ಸ್ಫೂರ್ತಿ ಯಾವುದು?’ ಸೇವೆ, ತ್ಯಾಗ, ಕರುಣೆ, ರೋಗಿಯ ನಗು. ನಾದಿನಿ ಕೆಳಗೆ ಪೆನ್ನಿನಲ್ಲಿ ‘ಸಂಬಳ’ ಎಂದು ಬರೆದಳು. ಅವಳ ಫಾರಂ ಅಸಿಂಧು.

ಹಾಗಂತ ಸಂಬಳದ ಬಗ್ಗೆ ಯಾರೂ ಯೋಚಿಸಿಲ್ಲ ಎನ್ನಬೇಡಿ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಸಮಿತಿ ಮಾಡಿತ್ತು. 200ಕ್ಕಿಂತ ಜಾಸ್ತಿ ಹಾಸಿಗೆಯ ಖಾಸಗಿ ಆಸ್ಪತ್ರೆ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ ತಿಂಗಳಿಗೆ 20,000 ರೂಪಾಯಿಗಿಂತ ಇಳಿಯಬಾರದು ಎಂದಿತು ಸಮಿತಿ. ನಮ್ಮ ಆಸ್ಪತ್ರೆಯವರು ಇದನ್ನು ಓದಿದ್ದಾರೆ. ಹಾಸಿಗೆ ಎಣಿಸುವುದರಲ್ಲೇ ಇದ್ದಾರೆ. ಬಸ್ ಸ್ಟ್ಯಾಂಡಿನ ಬೋರ್ಡಿನಲ್ಲಿ 210 ಹಾಸಿಗೆ ಇವೆ. ಸಂಬಳದ ದಿನ 49 ಆಗುತ್ತವೆ. ಅವರ ಲೆಕ್ಕದಲ್ಲಿ 20,000 ಎಂದರೆ ಹನ್ನೆರಡು ಸಾವಿರ ದುಡ್ಡು, ಉಳಿದದ್ದು ಗೌರವ.

ಗೌರವಕ್ಕೆ ಕೊರತೆಯಿಲ್ಲ ಬಿಡಿ. 2020ರಲ್ಲಿ ಇಡೀ ದೇಶ ತಟ್ಟೆ ಬಡಿಯಿತು, ಹೆಲಿಕಾಪ್ಟರಿನಿಂದ ಹೂ ಸುರಿಯಿತು. ಪ್ರತಿ ಮೇ 12ರ ನರ್ಸ್‌ಗಳ ದಿನಕ್ಕೆ ಕೇಕ್, ಮೇಣದಬತ್ತಿ, ಪ್ರತಿಜ್ಞೆ. ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ದೀಪ ಹಿಡಿದದ್ದನ್ನು ಎಲ್ಲರೂ ನೆನೆಯುತ್ತಾರೆ. ಆಕೆ ಸತ್ತ ಸೈನಿಕರ ಲೆಕ್ಕ ಹಿಡಿದು ಬ್ರಿಟಿಷ್ ಸರ್ಕಾರವನ್ನೇ ತರಾಟೆಗೆ ತೆಗೆದುಕೊಂಡದ್ದನ್ನು ಮಾತ್ರ ಕೇಕಿನ ಮೇಲೆ ಬರೆಸುವುದಿಲ್ಲ.

ತಜ್ಞರ ಶಿಫಾರಸು ಬಂತು: ಒಂದು ಸೆಲ್ಫಿ ಸ್ಟ್ಯಾಂಡ್, ‘ತಿಂಗಳ ಸಿಸ್ಟರ್’ ಫೋಟೋ. ಸಿಸ್ಟರ್‌ಗಳ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಹೇಗೂ ಆಸ್ಪತ್ರೆಯ ಬೀರುವಿನಲ್ಲೇ ಇರುತ್ತದೆ, ಕೆಲಸ ಬಿಡುವುದಿಲ್ಲ ಎಂದು ಬರೆದುಕೊಟ್ಟ ಬಾಂಡ್ ಮುಗಿಯುವವರೆಗೆ.

ನಾದಿನಿ ಈಗ ಜರ್ಮನಿಗೆ ಹೋಗಲು ಜರ್ಮನ್ ಭಾಷೆಯ ಬಿ2 ಹಂತದ ಪರೀಕ್ಷೆ ಪಾಸಾಗಿದ್ದಾಳೆ. ಮೊನ್ನೆ ಮಾರ್ಕ್ಸ್ ಕಾರ್ಡ್ ಕೇಳಲು ಹೋದಳು. ಸಿಗಲಿಲ್ಲ. ಬೀರುವಿನ ಕೀ ಇಟ್ಟುಕೊಂಡಿದ್ದ ಎಚ್‌ಆರ್ ಮೇಡಂ ಕೆಲಸ ಬಿಟ್ಟಿದ್ದಾರೆ. ಪಕ್ಕದ ಆಸ್ಪತ್ರೆಯವರು ಎರಡು ಸಾವಿರ ಜಾಸ್ತಿ ಕೊಡ್ತಾರಂತೆ.