ಡಿಕ್ಕಿಯಲ್ಲಿ ಒಂದು ಬಾಟಲಿ ಮೊಳೆ

ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನ ಕಡೆ ತಿಂಡಿಗೆ ಹೋಗುವವರಿಗೆ ಒಂದು ಕಲೆ ಗೊತ್ತಿರಬೇಕು. ತಿನ್ನುತ್ತಿರುವವರ ಕುರ್ಚಿಯ ಹಿಂದೆ ನಿಲ್ಲುವ ಕಲೆ. ತೀರಾ ಹತ್ತಿರ ನಿಂತರೆ ಅವರ ಗಂಟಲಲ್ಲಿ ದೋಸೆ ಇಳಿಯುವುದಿಲ್ಲ. ದೂರ ನಿಂತರೆ ಇನ್ಯಾರೋ ನುಗ್ಗಿ ಕೂತುಬಿಡುತ್ತಾರೆ. ಕಾಫಿ ಬಂತು ಅಂದರೆ ಇನ್ನು ಐದು ನಿಮಿಷ ಅಂತ ಲೆಕ್ಕ. ಆದರೆ ಕೆಲವರು ಕಾಫಿ ಮುಗಿದ ಮೇಲೂ ಲೋಟದ ತಳದಲ್ಲಿರುವ ಎರಡು ಹನಿಗಾಗಿ ಆಕಾಶ ನೋಡುತ್ತ ಕೂತಿರುತ್ತಾರೆ. ಅಂಥವರ ಕುರ್ಚಿ ಹಿಂದೆ ನಿಲ್ಲುವುದು ನನ್ನ ಹಣೆಬರಹ.

1983ರಲ್ಲಿ ಜಯನಗರದಲ್ಲಿ ಮೊದಲ ದರ್ಶಿನಿ ಶುರು ಮಾಡಿದವರು ಇದನ್ನೆಲ್ಲ ನೋಡಿಯೇ ಕುರ್ಚಿಗಳನ್ನು ತೆಗೆದುಹಾಕಿರಬೇಕು. ಎಲ್ಲರೂ ನಿಂತೇ ತಿಂದರೆ ಯಾರ ಹಿಂದೆ ಯಾರು ನಿಲ್ಲುವುದು? ಆದರೂ ನನಗೆ ಮಸಾಲೆ ದೋಸೆ ಕೂತು ತಿಂದರೇ ಸಮಾಧಾನ. ನಿಂತು ತಿಂದದ್ದು ಮಂಡಿಗೆ ಇಳಿಯುತ್ತದೆ ಅನ್ನುವುದು ನನ್ನ ವೈಯಕ್ತಿಕ ನಂಬಿಕೆ.

ಹಳೇ ಹೋಟೆಲುಗಳಲ್ಲಿ ಇನ್ನೊಂದು ನಿಯಮ ಇದೆ. ಒಂದೇ ಮೇಜಿಗೆ ಗುರುತಿಲ್ಲದ ನಾಲ್ಕು ಜನ ಕೂರುತ್ತೇವೆ. ಮಂಡಿಗೆ ಮಂಡಿ ತಾಗುತ್ತಿರುತ್ತದೆ. ಆದರೂ ಎದುರಿಗೆ ಕೂತವರ ತಟ್ಟೆ ನೋಡುತ್ತೇವೆಯೇ ಹೊರತು ಮುಖ ನೋಡುವುದಿಲ್ಲ. ಆ ದಿನ ನನ್ನ ಎದುರಿಗೆ ಎರಡು ಇಡ್ಲಿ, ಒಂದು ವಡೆ ಇದ್ದವು. ವಡೆ ಸಾಂಬಾರಿನಲ್ಲಿ ಮುಳುಗಿತ್ತು. ಇಷ್ಟು ಮಾತ್ರ ಈಗಲೂ ಪ್ರಮಾಣ ಮಾಡಿ ಹೇಳಬಲ್ಲೆ.

ಅಸಲಿಗೆ ನಾನು ಹೋಗಿದ್ದು ಪಾರ್ಸೆಲ್ ತರಲು. ನನ್ನ ಕೊಲೆಸ್ಟ್ರಾಲ್ ರಿಪೋರ್ಟ್ ಬಂದ ಮೇಲೆ ಮನೆಯಲ್ಲಿ ನನಗೆ ಇಡ್ಲಿ ಮಾತ್ರ ಅಂತ ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವಳು ನನ್ನ ಹೆಂಡತಿ. "ನಾಲ್ಕು ಪ್ಲೇಟ್ ಇಡ್ಲಿ ಕಟ್ಟಿಸಿಕೊಂಡು ಬನ್ನಿ, ಅಲ್ಲೇನೂ ತಿನ್ನಬೇಡಿ" ಎಂದು ಹೇಳಿ ಕಳಿಸಿದ್ದಳು. ಪಾರ್ಸೆಲ್ ಕಟ್ಟುವವರೆಗೆ ಸುಮ್ನೆ ನಿಲ್ಲುವುದು ಹೋಟೆಲಿಗೆ ಮಾಡುವ ಅವಮಾನ ಅಲ್ವಾ? ಒಂದು ಮಸಾಲೆ ದೋಸೆ ತಿಂದೆ. ಅದು ಬಾಯಿಗೆ ಹಿಡಿಸಿತು. ಇನ್ನೊಂದು ಹೇಳಿದೆ. "ಬೆಣ್ಣೆ ಜಾಸ್ತಿ" ಎಂಬ ಎರಡು ಪದಗಳನ್ನು ಸಪ್ಲೈಯರ್ ಕಿವಿಯಲ್ಲಿ ಗುಟ್ಟಾಗಿ ಹೇಳಿದ್ದೂ ನಿಜ.

ಕೈ ತೊಳೆದು, ಬಿಲ್ಲು ಕೊಟ್ಟು, ಮೇಜಿನ ಮೇಲಿದ್ದ ಕೀ ಎತ್ತಿಕೊಂಡು ಹೊರಗೆ ಬಂದೆ. ಕೀ ಚೈನಿನಲ್ಲಿ ದೊಡ್ಡ ಗಣಪನ ಚಿತ್ರ. ಕಡಲೆಕಾಯಿ ಪರಿಷೆಯಲ್ಲಿ ಕೊಂಡದ್ದು. ಕಾರ್ತಿಕದ ಕೊನೇ ಸೋಮವಾರ ದೊಡ್ಡ ಬಸವಣ್ಣನ ಗುಡಿ ಮುಂದೆ ನಡೆಯುವ ಆ ಪರಿಷೆಯಲ್ಲಿ ಬಸವನಗುಡಿಯ ಅರ್ಧ ಜನ ಕಡಲೆಕಾಯಿಯ ಜೊತೆ ಅಂಥದ್ದೇ ಕೀ ಚೈನನ್ನೂ ಕೊಂಡಿರುತ್ತಾರೆ ಎಂದು ನನಗೆ ಆಗ ಹೊಳೆಯಲಿಲ್ಲ.

ನನ್ನ ಬೂದು ಬಣ್ಣದ ಸ್ಕೂಟರಿಗೆ ಕೀ ಹಾಕಿದೆ. ತಿರುಗಲಿಲ್ಲ. ಗಾಡಿಗೆ ಏಳು ವರ್ಷವಾಗಿದೆ, ಆಗಾಗ ಮುನಿಸಿಕೊಳ್ಳುತ್ತದೆ. ಬೈದೆ. ಮತ್ತೆ ತಿರುಗಿಸಿದೆ. ಆಗ ಪಕ್ಕದಲ್ಲೇ ಇನ್ನೊಂದು ಬೂದು ಸ್ಕೂಟರ್ ಕಂಡಿತು. ಅದಕ್ಕೆ ಹಾಕಿದರೆ ಕೀ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯಿತು. ಇದೇ ನನ್ನದು, ಇಷ್ಟು ಹೊತ್ತೂ ಬೇರೆಯವರ ಗಾಡಿಗೆ ಕೀ ಹಾಕುತ್ತಿದ್ದೆನಲ್ಲ ಎಂದು ನಾಚಿಕೆಯಾಗಿ, ಯಾರೂ ನೋಡುವ ಮೊದಲೇ ಹೊರಟುಬಿಟ್ಟೆ. ದಾರಿಯಲ್ಲಿ ಬ್ರೇಕ್ ಹಿಡಿದರೆ ಗಾಡಿ ನಿಲ್ಲುತ್ತಿತ್ತು. ಆಗಲೇ ಅನುಮಾನ ಬರಬೇಕಿತ್ತು.

ಹನುಮಂತನಗರದ ಮನೆ ಮುಟ್ಟಿ ಇಡ್ಲಿ ಕೊಟ್ಟೆ. "ಡಿಕ್ಕಿಯಲ್ಲಿ ನನ್ನ ಸೀರೆ ಇದೆ ನೋಡಿ, ಫಾಲ್ಸ್ ಹಾಕಿಸಿದ್ದು, ತನ್ನಿ" ಅಂದಳು. ತೆಗೆದೆ. ನನ್ನ ಜೀವನದಲ್ಲಿ ಡಿಕ್ಕಿ ಹೊಡೆದಾಗಲೂ ಅಷ್ಟು ಗಾಬರಿಯಾಗಿರಲಿಲ್ಲ, ಡಿಕ್ಕಿ ತೆಗೆದಾಗ ಆಯಿತು.

ಸೀರೆ ಇರಲಿಲ್ಲ. ಒಂದು ಸುತ್ತಿಗೆ, ಎರಡು ಇಕ್ಕಳ, ತುದಿ ಬಾಗಿದ ಕಬ್ಬಿಣದ ಸಲಾಕೆ, ಕೈಗವಸು, ಟಾರ್ಚು. ಜೊತೆಗೆ ಹಳೇ ಹಾರ್ಲಿಕ್ಸ್ ಬಾಟಲಿಯ ತುಂಬ ತುಕ್ಕು ಹಿಡಿದ ಮೊಳೆಗಳು.

"ರೀ, ಇದು ಯಾರ ಗಾಡಿ?" ಎಂದಳು ಹೆಂಡತಿ. ಮೇಲಿನ ಬಾಲ್ಕನಿಯಿಂದ ಪಕ್ಕದ ಮನೆಯವರು ಬಗ್ಗಿ ನೋಡಿದರು. ಅವರು ಟೀವಿಯಲ್ಲಿ ಕ್ರೈಮ್ ಕಾರ್ಯಕ್ರಮ ಬಿಟ್ಟು ಬೇರೇನೂ ನೋಡುವುದಿಲ್ಲ. "ಬೀಗ ಒಡೆಯೋ ಸಾಮಾನು ಸಾರ್. ಮುಟ್ಟಬೇಡಿ, ನಿಮ್ಮ ಬೆರಳಚ್ಚು ಬೀಳುತ್ತೆ" ಅಂದರು. ನನ್ನ ಕೈಯಲ್ಲಿ ಆಗಲೇ ಸುತ್ತಿಗೆ ಇತ್ತು. ಒಬ್ಬ ಮನೆಗಳ್ಳನ ಗಾಡಿ ಕದ್ದು ತಂದಿದ್ದೇನೆ ಅಂತ ಖಚಿತವಾಯಿತು. ಪೊಲೀಸರಿಗೆ ಹೇಳಿದರೆ ಕಳ್ಳ ಯಾರು ಅಂತ ಮೊದಲು ಕೇಳುತ್ತಾರೆ. ನ್ಯಾಯವಾಗಿ ನೋಡಿದರೆ, ನಾನೇ.

"ನಂಬರ್ ಪ್ಲೇಟ್ ಅಂತ ಒಂದು ಇರುತ್ತೆ" ಎಂದಳು ಇವಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಇಂಥ ಮಾತುಗಳಿಗೆ ಉತ್ತರ ಕೊಡಬಾರದು ಅಂತ ಕಲಿತಿದ್ದೇನೆ.

ಆಗ ಫೋನ್ ಬಂತು. ಗುರುತಿಲ್ಲದ ನಂಬರು. ನಮ್ಮ ಮೊದಲ ಮಹಡಿ ಮೂರು ತಿಂಗಳಿಂದ ಖಾಲಿ ಇತ್ತು. ಗುರುತಿಲ್ಲದ ನಂಬರ್ ಬಂದರೆ ಬಾಡಿಗೆಯವರೇ ಅಂತ ನನ್ನ ಆಸೆ. ಸ್ಪೀಕರ್ ಹಾಕಿ, "ಎರಡು ರೂಮು, ಕಾವೇರಿ ನೀರು, ಬೋರ್‌ವೆಲ್ಲೂ ಇದೆ, ಹತ್ತು ತಿಂಗಳ ಅಡ್ವಾನ್ಸ್. ಯಾವಾಗ ಬರ್ತೀರಾ ನೋಡೋದಕ್ಕೆ?" ಎಂದೆ.

"ಈಗಲೇ ನೋಡಬೇಕು. ಮನೆಯಲ್ಲ, ನನ್ನ ಗಾಡಿ" ಎಂದಿತು ಹೆಂಗಸಿನ ದನಿ. "ನಾನು ನಿಮ್ಮ ಎದುರಿಗೇ ಕೂತು ಇಡ್ಲಿ ತಿಂತಿದ್ದೆ. ನೀವು ಎರಡನೇ ಮಸಾಲೆ ದೋಸೆ ತಿಂದು ನನ್ನ ಕೀ ಎತ್ತಿಕೊಂಡು ಹೋದಿರಿ. ಬೆಣ್ಣೆ ಜಾಸ್ತಿ ಹಾಕಿಸಿಕೊಂಡಿರಲ್ಲ, ಅವರೇ ತಾನೆ?"

ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಇಡ್ಲಿ ತಣ್ಣಗಾಗುತ್ತಿತ್ತು.

ವಾಪಸ್ ಹೋದೆ. ಹೋಟೆಲ್ ಮುಂದಿನ ಕಟ್ಟೆಯ ಮೇಲೆ ಅರುವತ್ತೈದರ ಆಸುಪಾಸಿನ ಒಬ್ಬರು ಕಾಟನ್ ಸೀರೆ, ಸ್ಪೋರ್ಟ್ಸ್ ಶೂ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದರು. ಗಾಡಿ ಹೋಗಿದೆ ಅಂತ ಗೊತ್ತಾದ ಮೇಲೆ ಅವರು ಗಲಾಟೆ ಮಾಡಿರಲಿಲ್ಲ. ಕೈಯಲ್ಲಿರುವ ಕೀ ನನ್ನದಲ್ಲ, ಅಂದಮೇಲೆ ಇದರ ಗಾಡಿ ಇಲ್ಲೇ ಇರಬೇಕು ಅಂತ ಲೆಕ್ಕ ಹಾಕಿ ನನ್ನ ಸ್ಕೂಟರಿನ ಡಿಕ್ಕಿ ತೆಗೆದಿದ್ದರು. ಆಮೇಲೆ ಗೊತ್ತಾಯಿತು, ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದವರು.

ಪಕ್ಕದಲ್ಲಿ ನನ್ನ ಡಿಕ್ಕಿಯ ಸಾಮಾನನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಕಟ್ಟದ ಕರೆಂಟ್ ಬಿಲ್ಲು. ಹೆಂಡತಿಯ ಸೀರೆ. ಎರಡು ತಗಡಿನ ಬೋರ್ಡು: 'ಮನೆ ಬಾಡಿಗೆಗೆ ಇದೆ. ದಲ್ಲಾಳಿಗಳು ದಯವಿಟ್ಟು ಫೋನ್ ಮಾಡಬೇಡಿ', ಕೆಳಗೆ ನನ್ನ ನಂಬರು. (ಇದುವರೆಗೆ ಫೋನ್ ಮಾಡಿದವರೆಲ್ಲ ದಲ್ಲಾಳಿಗಳೇ.) ಕೊನೆಯಲ್ಲಿ ಒಂದು ಪೊಟ್ಟಣ ಹೊಸ ಮೊಳೆ.

"ಎಷ್ಟು ಬೋರ್ಡು ಮಾಡಿಸಿದ್ರಿ?"

"ಐದು, ಮೇಡಂ."

"ಎರಡು ಇಲ್ಲಿವೆ. ಉಳಿದ ಮೂರು ಯಾವ ಮರದಲ್ಲಿವೆ?"

ನನಗೆ ಗಣಿತದ ಮೇಷ್ಟ್ರ ಮುಂದೆ ನಿಂತ ಭಯ ಐವತ್ತೆರಡನೇ ವಯಸ್ಸಿನಲ್ಲಿ ಮರುಕಳಿಸಿತು. ಒಂದು ನಮ್ಮ ಮನೆ ಮುಂದಿನ ಮಳೆ ಮರದಲ್ಲಿ, ಎರಡು ಹೊಂಗೆ ಮರಗಳಲ್ಲಿ ಎಂದು ಒಪ್ಪಿಕೊಂಡೆ.

ಲೋಟ ತೆಗೆಯಲು ಬಂದ ಸಪ್ಲೈಯರ್ ನಗುತ್ತಾ, "ಇವರು ನಮ್ಮ ಮೊಳೆ ಮೇಡಂ ಸಾರ್" ಎಂದ. ಪಿಜಿ, ಟ್ಯೂಷನ್, ಬೊಜ್ಜು ಕರಗಿಸುವ ಪುಡಿ, ಹೀಗೆ ಏನೇನೋ ಜಾಹೀರಾತಿಗೆ ಜನ ಮರಕ್ಕೆ ಹೊಡೆದ ಮೊಳೆಗಳನ್ನು ಅವರು ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಶುರು ಮಾಡಿ ಕೀಳುತ್ತಾರೆ. ಕಿತ್ತ ಮೊಳೆ ಎಣಿಸಿ ಡೈರಿಯಲ್ಲಿ ಬರೆಯುತ್ತಾರೆ. ಆಮೇಲೆ ಇಲ್ಲಿ ಇಡ್ಲಿ ವಡೆ. ನಾಲ್ಕು ವರ್ಷದಿಂದ ಹೀಗೇ. ಅಷ್ಟೂ ವರ್ಷ ನಾನೂ ಇದೇ ಹೋಟೆಲಿಗೆ ಬರುತ್ತಿದ್ದೇನೆ. ಎಷ್ಟು ಸಲ ಅವರ ವಡೆ ನೋಡಿದ್ದೇನೋ.

"ಸಾರ್ವಜನಿಕ ಜಾಗ ಅಂದಗೆಡಿಸಬಾರದು ಅಂತ 1981ರಲ್ಲೇ ಕಾಯ್ದೆ ಬಂದಿದೆ. ಆರು ತಿಂಗಳವರೆಗೆ ಜೈಲಿಗೂ ಹಾಕಬಹುದು" ಎಂದರು ಮೇಡಂ. ಮನೆಗೆ ಹೋಗಿ ಎರಡನೇ ದೋಸೆಗೆ ಉತ್ತರ ಹೇಳುವುದಕ್ಕಿಂತ ಅದೇ ವಾಸಿ ಅಂತ ಒಂದು ಕ್ಷಣ ಅನ್ನಿಸಿತು. "ನೇಗಿನಹಾಳ್ ಅಂತ ಅರಣ್ಯಾಧಿಕಾರಿ ಇದ್ರು, ಹೆಸರು ಕೇಳಿದೀರಾ? 1980ರ ದಶಕದಲ್ಲಿ ಈ ಊರಿನಲ್ಲಿ 15 ಲಕ್ಷ ಗಿಡ ನೆಡಿಸಿದರು. ಅವರು ನೆಟ್ಟದ್ದು ಗಿಡ. ನೀವು ನೆಟ್ಟದ್ದು ಮೊಳೆ." ಸಪ್ಲೈಯರ್ ಮುಖ ತಿರುಗಿಸಿ ನಕ್ಕ. ಅವನಿಗೆ ನಾನು ಆ ದಿನ ಹತ್ತು ರೂಪಾಯಿ ಟಿಪ್ಸ್ ಕೊಟ್ಟಿದ್ದೆ.

ಒಂದು ಮೊಳೆಯಿಂದ ಅಷ್ಟು ದೊಡ್ಡ ಮರಕ್ಕೆ ಏನಾಗುತ್ತೆ ಮೇಡಂ ಎಂದು ಕೇಳಿದ್ದು ನನ್ನ ತಪ್ಪು. ತೊಗಟೆಯ ಒಳಗೇ ತೆಳ್ಳಗೆ ಒಂದು ಪದರ ಇರುತ್ತದಂತೆ. ಮರ ದಪ್ಪ ಆಗುವುದು ಅಲ್ಲಿಂದಲೇ, ಎಲೆ ಮಾಡಿದ ಆಹಾರ ಕೆಳಗೆ ಇಳಿಯುವುದೂ ಅದರ ಆಸುಪಾಸಿನಲ್ಲೇ. ಮೊಳೆ ಅದನ್ನು ಸೀಳುತ್ತದೆ. ಆ ತೂತಿನಿಂದ ಹುಳ, ಬೂಷ್ಟು ಒಳಗೆ ಹೋಗುತ್ತವೆ. "ಒಂದೇ ಮೊಳೆ ಅಂತ ಎಲ್ಲರೂ ಅಂತಾರೆ. ಹೋದ ವಾರ ಒಂದೇ ಮರದಲ್ಲಿ ನಲವತ್ತಮೂರು ಸಿಕ್ಕಿತು. ನಲವತ್ತಮೂರು ಜನರದ್ದೂ ಒಂದೊಂದೇ." ಅದಕ್ಕೆ ನಾನು ಏನು ಹೇಳಲಿ. ಗಾಡಿ ಸ್ಟಾರ್ಟ್ ಮಾಡಿದೆ. ಈ ಸಲ ನನ್ನದೇ.

ಮಳೆ ಮರದ ಹತ್ತಿರ ನನ್ನ ಕೈಗೆ ಸಲಾಕೆ ಕೊಟ್ಟರು. ಮೊಳೆ ಹೊಡೆಯುವುದು ಎಷ್ಟು ಸುಲಭವೋ ಕೀಳುವುದು ಅಷ್ಟೇ ಕಷ್ಟ. ಸಲಾಕೆಯನ್ನು ನೇರವಾಗಿ ತೊಗಟೆಗೆ ಊರಬಾರದು, ತೊಗಟೆ ಜಜ್ಜಿಹೋಗುತ್ತದೆ. ನಡುವೆ ಒಂದು ಮರದ ತುಂಡು ಇಡಬೇಕು. ಮೊಳೆ ಬಂದ ದಾರಿಯಲ್ಲೇ ಮೆಲ್ಲಗೆ ಎಳೆಯಬೇಕು. ತೊಗಟೆ ಬೆಳೆದು ಪೂರ್ತಿ ನುಂಗಿದ ಹಳೇ ಮೊಳೆಗಳನ್ನು ಕೆದಕಲೇಬಾರದು, ಹಾಗೇ ಬಿಡಬೇಕು. ನಾನು ಮೆಲ್ಲಗೆ ಎಳೆದೆ. ಬರಲಿಲ್ಲ. ಎರಡು ದೋಸೆಯ ಬಲವನ್ನೆಲ್ಲ ಹಾಕಿ ಎಳೆದೆ. ಮೊಳೆ ಬಂತು. ನಾನು ಹಿಂದಕ್ಕೆ ಹೋಗಿ ಯಾರೋ ಫುಟ್‌ಪಾತಿನಲ್ಲಿ ಸುರಿದಿದ್ದ ಮರಳಿನ ಗುಡ್ಡೆಯ ಮೇಲೆ ಕೂತೆ. ಮೇಲಿನಿಂದ ಪಕ್ಕದ ಮನೆಯವರು, "ಪೆಟ್ಟಾಯ್ತಾ ಸಾರ್? ವೀಡಿಯೋ ಮಾಡ್ಕೊಂಡಿದೀನಿ, ಕಳಿಸ್ತೀನಿ" ಅಂದರು.

ಎದ್ದು ಎರಡನೇ ಮೊಳೆಗೆ ಕೈ ಹಾಕಿದ್ದೆ. ವಾಕಿಂಗ್ ಹೊರಟಿದ್ದ ಒಬ್ಬ ಯಜಮಾನರು ನಿಂತು, ಕೋಲು ನೆಲಕ್ಕೆ ಕುಟ್ಟಿ, "ಮರಕ್ಕೆ ಮೊಳೆ ಹೊಡೀತೀರಲ್ರೀ, ನಾಚಿಕೆ ಆಗಲ್ವಾ? ಓದಿದವರ ಹಾಗೆ ಕಾಣ್ತೀರಿ!" ಎಂದು ಬೈದರು.

"ಕೀಳ್ತಾ ಇದೀನಿ ಸ್ವಾಮಿ!"

"ಎಲ್ಲರೂ ಹೀಗೇ ಹೇಳೋದು" ಎಂದು ಹೊರಟೇಹೋದರು.

ನನಗೆ ಬೈಗುಳಕ್ಕಿಂತ ಬೇರೆಯೇ ಸಂಕಟ. ಮೂರು ತಿಂಗಳ ಹಿಂದೆ ನಾನು ಇದೇ ಮರಕ್ಕೆ ಮೊಳೆ ಹೊಡೆಯುತ್ತಿದ್ದಾಗಲೂ ಅವರು ಬಂದಿದ್ದರು. ನಿಂತು ನೋಡಿ, "ಸ್ವಲ್ಪ ಎಡಕ್ಕೆ. ಹಾಂ, ಈಗ ಸರಿ" ಎಂದಿದ್ದರು. ಬೋರ್ಡಿನ ಒಂದು ತುದಿಯನ್ನು ಹಿಡಿದೂ ಕೊಟ್ಟಿದ್ದರು.

ಮೂರು ಬೋರ್ಡಿನಿಂದ ಹನ್ನೆರಡು ಮೊಳೆ. ಒಂದರ ತಲೆ ಮುರಿದು ಮೈ ಮರದಲ್ಲೇ ಉಳಿಯಿತು. ಮೇಡಂ ಡೈರಿಯಲ್ಲಿ ಹನ್ನೊಂದು ಅಂತ ಬರೆದು, ಪಕ್ಕದಲ್ಲಿ ಒಂದು ಕೆಂಪು ಗೆರೆ ಎಳೆದರು. ನನ್ನ ಪೊಟ್ಟಣದ ಹೊಸ ಮೊಳೆಗಳನ್ನೂ ಬಾಟಲಿಗೆ ಸುರಿದುಕೊಂಡರು. ಇವಳು ಕಾಫಿ ತಂದುಕೊಟ್ಟಳು. ಮೇಡಮ್ಮಿಗೆ ಬೆಲ್ಲ ಹಾಕಿದ ಕಾಫಿ, ನನಗೆ ಬಿಸಿನೀರು. ಇಬ್ಬರೂ ಗೇಟಿನ ಹತ್ತಿರ ನಿಂತು ಅರ್ಧ ಗಂಟೆ ಮಾತಾಡಿದರು. ನಡುನಡುವೆ 'ದೋಸೆ' ಎಂಬ ಪದ ಕೇಳಿಸುತ್ತಿತ್ತು.

ಮೊದಲ ಮಹಡಿ ಈಗಲೂ ಖಾಲಿ ಇದೆ. ಬೋರ್ಡನ್ನು ಗೇಟಿಗೆ ದಾರದಲ್ಲಿ ಕಟ್ಟಿದ್ದೇನೆ. ದಲ್ಲಾಳಿಗಳು ಮೊದಲಿನಷ್ಟೇ ಶ್ರದ್ಧೆಯಿಂದ ಫೋನ್ ಮಾಡುತ್ತಿದ್ದಾರೆ.

ಗಾಡಿ ಮತ್ತೆ ಅದಲು ಬದಲಾಗಬಾರದು ಅಂತ ಇವಳು ಸ್ವೀಟ್ ಬಾಕ್ಸಿನ ಕೆಂಪು ರಿಬ್ಬನ್ನನ್ನು ನನ್ನ ಸ್ಕೂಟರಿನ ಹ್ಯಾಂಡಲ್‌ಗೆ ಕಟ್ಟಿದಳು. ಮುಂದಿನ ಭಾನುವಾರ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ ನೋಡಿದರೆ, ಪಕ್ಕದ ಬೂದು ಸ್ಕೂಟರಿನ ಹ್ಯಾಂಡಲ್‌ಗೂ ಕೆಂಪು ರಿಬ್ಬನ್.

ಒಳಗೆ ಹೋದೆ. ಮೂಲೆಯ ಮೇಜಿನಲ್ಲಿ ಮೇಡಂ ವಡೆ ಮುರಿಯುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಮೇಜಿನ ಮೇಲಿದ್ದ ಕೀ ಎತ್ತಿ ಪರ್ಸಿನೊಳಗೆ ಹಾಕಿ, ಜಿಪ್ ಎಳೆದರು. ಆಮೇಲೆ ಎದುರಿನ ಕುರ್ಚಿ ತೋರಿಸಿ, "ಕೂತ್ಕೊಳ್ಳಿ. ಇವತ್ತು ಇಡ್ಲಿ ತಾನೆ?" ಎಂದರು.