ಸ್ಪಷ್ಟನೆ: ದೇಶದ ಪರ ಅತಿ ಹೆಚ್ಚು ಗೋಲು ಯಾರದ್ದು?

‘ದೇಶದ ಪರ ಜಗತ್ತಿನಲ್ಲೇ ಅತಿ ಹೆಚ್ಚು ಗೋಲು ಹೊಡೆದವರು ಕ್ರಿಸ್ಟಿಯಾನೊ ರೊನಾಲ್ಡೊ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ. ರೊನಾಲ್ಡೊ ಅವರದ್ದು ಪುರುಷರ ಫುಟ್‌ಬಾಲ್‌ನ ದಾಖಲೆ. 140 ದಾಟಿದೆ, ದೊಡ್ಡ ಸಾಧನೆಯೇ. ಆದರೆ ಒಟ್ಟಾರೆ ದಾಖಲೆ ಕೆನಡಾದ ಕ್ರಿಸ್ಟೀನ್ ಸಿಂಕ್ಲೇರ್ ಅವರದ್ದು: 331 ಅಂತರರಾಷ್ಟ್ರೀಯ ಪಂದ್ಯ, 190 ಗೋಲು.

2000ರಲ್ಲಿ ಕೆನಡಾ ತಂಡ ಸೇರಿದಾಗ ಈ ಫಾರ್ವರ್ಡ್ ಆಟಗಾರ್ತಿಗೆ ಬರೀ 16 ವರ್ಷ. ಅಮೆರಿಕದ ಆ್ಯಬಿ ವಾಂಬಾಕ್ ಅವರ 184 ಗೋಲುಗಳ ದಾಖಲೆ ಮುರಿದದ್ದು 2020ರ ಜನವರಿ 29ರಂದು, ಟೆಕ್ಸಾಸ್‌ನಲ್ಲಿ ನಡೆದ ಒಲಿಂಪಿಕ್ಸ್ ಅರ್ಹತಾ ಪಂದ್ಯದಲ್ಲಿ. ಎದುರಾಳಿ ಸೇಂಟ್ ಕಿಟ್ಸ್ ಆ್ಯಂಡ್ ನೆವಿಸ್. ಮೊದಲು ಪೆನಾಲ್ಟಿಯಲ್ಲಿ ಗೋಲು ಹೊಡೆದು ಆ ದಾಖಲೆಯನ್ನು ಸರಿಗಟ್ಟಿದರು. 23ನೇ ನಿಮಿಷದಲ್ಲಿ ಏಡ್ರಿಯಾನಾ ಲಿಯಾನ್ ಕೊಟ್ಟ ಪಾಸ್ ಅನ್ನು ಗೋಲಿಗೆ ಸೇರಿಸಿದರು. ಅದು 185ನೆಯದು.

ಚಿಕ್ಕ ತಂಡಗಳ ಮೇಲೆ ಹೊಡೆದದ್ದು ಅಂತ ಸುಮ್ನೆ ತಳ್ಳಿಹಾಕುವವರೂ ಇದ್ದಾರೆ. 2012ರ ಒಲಿಂಪಿಕ್ಸ್ ಸೆಮಿಫೈನಲ್ ನೋಡಿ. ಓಲ್ಡ್ ಟ್ರಾಫರ್ಡ್‌ನಲ್ಲಿ ಬಲಿಷ್ಠ ಅಮೆರಿಕದ ವಿರುದ್ಧ ಕೆನಡಾದ ಮೂರೂ ಗೋಲು ಇವರದ್ದೇ. ಪಂದ್ಯ 4-3ರಿಂದ ಕೈತಪ್ಪಿತು, ನನಗೆ ಇವತ್ತಿಗೂ ಬೇಸರವಿದೆ. ಟೋಕಿಯೊದಲ್ಲಿ ಚಿನ್ನ ಬಂತು. ಕ್ಲಬ್ ಮಟ್ಟದಲ್ಲಿ ಪೋರ್ಟ್‌ಲ್ಯಾಂಡ್ ಥಾರ್ನ್ಸ್ ಜೊತೆ ಮೂರು ಬಾರಿ ಅಮೆರಿಕದ ಲೀಗ್ ಗೆದ್ದರು. 2023ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದರು.

ಹಾಗಾಗಿ ಆ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ‘ಪುರುಷರಲ್ಲಿ’ ಎಂಬ ಪದ ಸೇರಿಸಿ, ಸಿಂಕ್ಲೇರ್ ಹೆಸರನ್ನೂ ಅದೇ ಗುಂಪಿಗೆ ಹಾಕಿ.